ಸ್ವಿಚ್ ಹಾಕಿದರೆ ನೀರಹನಿ ಹರಡುತ್ತದೆಯೇ? ಈ ವಿಡಿಯೊ ಹಿಂದಿರುವ ಲಿಪ್‌ಮನ್ ಯಾರು?

ಟೆಫ್ಲಾನ್‌ನಂಥ ಪದರದ ಮೇಲೆ ದುಂಡಗೆ ಕೂತ ನೀರಹನಿ ವಿದ್ಯುತ್ ಕೊಟ್ಟ ಕೂಡಲೇ ಹರಡುತ್ತದೆ, ನಿಲ್ಲಿಸಿದರೆ ಮತ್ತೆ ದುಂಡಗಾಗುತ್ತದೆ. ಇಂಥ ವಿಡಿಯೊ ನಿಮಗೂ ಬಂದಿರಬಹುದು. ಇದು ಗ್ರಾಫಿಕ್ಸ್ ಅಲ್ಲ, ನಿಜವಾಗಿಯೂ ಹೀಗಾಗುತ್ತದೆ. ಇದರ ಮೂಲ ಹುಡುಕಿದರೆ ಗೇಬ್ರಿಯಲ್ ಲಿಪ್‌ಮನ್ ಸಿಗುತ್ತಾರೆ.

1845ರಲ್ಲಿ ಲಕ್ಸೆಂಬರ್ಗ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಬೆಳೆದವರು. ಇಷ್ಟವಾದ ವಿಷಯವನ್ನಷ್ಟೇ ಓದುತ್ತಿದ್ದರು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಫೇಲಾದರು. ಫೇಲಾದರೂ ನೊಬೆಲ್ ಗೆದ್ದರು ಎಂದು ಫಾರ್ವರ್ಡ್ ಮಾಡುವ ಮುನ್ನ ಇದನ್ನೂ ಸೇರಿಸಿ: 1873ರಲ್ಲಿ ಸರ್ಕಾರವೇ ಅವರನ್ನು ವಿಜ್ಞಾನ ಬೋಧನೆಯ ಅಧ್ಯಯನಕ್ಕೆಂದು ಜರ್ಮನಿಗೆ ಕಳುಹಿಸಿತು. ಆ ಅವಕಾಶ ಸಿಗದಿದ್ದರೆ ಮುಂದಿನ ಕಥೆಯೇ ಬೇರೆ.

ಹೈಡೆಲ್‌ಬರ್ಗ್‌ನಲ್ಲಿ ಶರೀರಶಾಸ್ತ್ರಜ್ಞ ಕ್ಯೂನೆ ಅವರಿಗೊಂದು ಪ್ರಯೋಗ ತೋರಿಸಿದರು. ತೆಳು ಗಂಧಕಾಮ್ಲದಲ್ಲಿ ಮುಳುಗಿದ ಪಾದರಸದ ಹನಿಗೆ ಕಬ್ಬಿಣದ ತಂತಿ ತಾಗಿಸಿದರೆ ಹನಿ ಕುಗ್ಗುತ್ತದೆ, ತಂತಿ ತೆಗೆದರೆ ಮೊದಲಿನಂತಾಗುತ್ತದೆ. ಲಿಪ್‌ಮನ್‌ಗೆ ಹೊಳೆದದ್ದು ಇಷ್ಟು: ಕಬ್ಬಿಣ, ಪಾದರಸ, ಆಮ್ಲ ಸೇರಿ ಪುಟ್ಟ ಬ್ಯಾಟರಿಯಾಗಿವೆ, ಆ ವಿದ್ಯುತ್ತೇ ಹನಿಯ ಮೇಲ್ಮೈ ಎಳೆತವನ್ನು ಬದಲಿಸುತ್ತಿದೆ. ಹಾಗಿದ್ದರೆ ಪಾದರಸದ ಅಲುಗಾಟ ನೋಡಿ ವಿದ್ಯುತ್ತನ್ನೇ ಅಳೆಯಬಹುದಲ್ಲ! ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ, ವೋಲ್ಟ್‌ನ ಸಾವಿರದಲ್ಲೊಂದು ಭಾಗಕ್ಕೂ ಅಲುಗುವ ಮಾಪಕ ಮಾಡಿದರು. 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಇಂಥದೇ ಮಾಪಕದಿಂದ ಮನುಷ್ಯನ ಹೃದಯದ ವಿದ್ಯುತ್ತನ್ನು ದಾಖಲಿಸಿದರು. ಇಸಿಜಿ ಕಂಡುಹಿಡಿದವರು ಲಿಪ್‌ಮನ್ ಅಲ್ಲ. ಆದರೆ ಆ ದಾಖಲೆಗೆ ಬೇಕಾದ ಸಾಧನ ಕೊಟ್ಟವರು ಅವರೇ.

ಮುಂದೆ ಸೊರ್ಬಾನ್‌ನಲ್ಲಿ ಪ್ರಾಧ್ಯಾಪಕರಾದರು. ಮೇರಿ ಕ್ಯೂರಿ ಸಂಶೋಧನೆ ಶುರುಮಾಡಿದ್ದು ಅವರ ಪ್ರಯೋಗಾಲಯದಲ್ಲೇ. 1908ರ ನೊಬೆಲ್ ಮಾತ್ರ ಬಣ್ಣದ ಛಾಯಾಗ್ರಹಣಕ್ಕೆ ಬಂತು. ಒಂದು ಫೋಟೊಗೆ ನಿಮಿಷಗಟ್ಟಲೆ ಬೆಳಕು ಬೇಕು, ಪ್ರತಿ ತೆಗೆಯಲಾಗದು; ಆ ವಿಧಾನ ಜನಬಳಕೆಗೆ ಬರಲೇ ಇಲ್ಲ. 1921ರಲ್ಲಿ ಹಡಗಿನಲ್ಲಿ ಫ್ರಾನ್ಸ್‌ಗೆ ಮರಳುವಾಗ ತೀರಿಕೊಂಡರು.

ಪಾದರಸದ ಆ ಪಾಠ ನೀರಿಗೆ ಒಗ್ಗಿದ್ದು ತಡವಾಗಿ. ನೀರಿಗೆ ನೇರ ವಿದ್ಯುತ್ ಕೊಟ್ಟರೆ, ಒಂದೆರಡು ವೋಲ್ಟ್ ದಾಟುತ್ತಲೇ ಅದು ಒಡೆದು ಗುಳ್ಳೆ ಏಳುತ್ತದೆ. 1990ರ ದಶಕದಲ್ಲಿ ಫ್ರಾನ್ಸ್‌ನವರೇ ಆದ ಬ್ರೂನೊ ಬೆರ್ಜ್ ನೀರಿಗೂ ಲೋಹಕ್ಕೂ ನಡುವೆ ವಿದ್ಯುತ್ ಹರಿಯದ ತೆಳು ಪಾಲಿಮರ್ ಪದರವಿಟ್ಟರು. ಈಗ ವಿದ್ಯುತ್ ನೀರಿನೊಳಗೆ ಹರಿಯದು, ಪದರದ ಎರಡೂ ಬದಿ ಆವೇಶ ಕೂಡುತ್ತದೆ, ಅದರ ಸೆಳೆತಕ್ಕೆ ಹನಿ ಹರಡುತ್ತದೆ. (ಮನೆಯ ಪ್ಲಗ್ಗಿಗೆ ನಾನ್‌ಸ್ಟಿಕ್ ತವಾ ಜೋಡಿಸಿ ಪರೀಕ್ಷಿಸಲು ಹೋಗಬೇಡಿ, ಜೀವಕ್ಕೆ ಅಪಾಯ.) ಹನಿಯ ಆಕಾರ ಬದಲಿಸಿಯೇ ಫೋಕಸ್ ಮಾಡುವ ದ್ರವದ ಲೆನ್ಸ್‌ಗಳು ಕಾರ್ಖಾನೆಗಳಲ್ಲಿ ಕೋಡ್ ಓದುವ ಕೆಲವು ಕ್ಯಾಮೆರಾಗಳಲ್ಲಿವೆ. ಎಷ್ಟು ವೋಲ್ಟ್‌ಗೆ ಹನಿ ಎಷ್ಟು ಹರಡುತ್ತದೆ ಎಂದು ಲೆಕ್ಕ ಹಾಕುವ ಸಮೀಕರಣಕ್ಕೆ ಇಂದಿಗೂ ಯಂಗ್-ಲಿಪ್‌ಮನ್ ಎಂದೇ ಹೆಸರು.