ನೀರಿನ ಲೆಕ್ಕ ಬಲ್ಲ ವಿಶ್ವೇಶ್ವರಯ್ಯನವರು

1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿಯು ದಡ ಮೀರಿ ಹೈದರಾಬಾದ್ ನಗರದೊಳಕ್ಕೆ ನುಗ್ಗಿತು. ಸೇತುವೆಗಳು ಮುರಿದುವು, ಮನೆಗಳು ಸಾಲುಸಾಲಾಗಿ ಕುಸಿದುವು. ಮಡಿದವರ ಸಂಖ್ಯೆ ಸುಮಾರು 15,000 ಎಂದು ಅಂದಾಜು. ಮುಂಬಯಿ ಸರಕಾರದ ಸೇವೆಯಿಂದ ಬಿಡುವು ಪಡೆದು ಆಗ ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ನಿಜಾಮ ಸರಕಾರದಿಂದ ಕರೆ ಹೋಯಿತು. ಪ್ರವಾಸ ಮುಗಿಸಿಕೊಂಡು 1909ರಲ್ಲಿ ಅವರು ಹೈದರಾಬಾದಿಗೆ ಬಂದರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಜನಿಸಿದ ಅವರು ಬಡತನದಲ್ಲಿಯೇ ಬೆಳೆದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ನೀಗಿಸಿಕೊಂಡರು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಪುಣೆಗೆ ನೀರೊದಗಿಸುತ್ತಿದ್ದ ಖಡಕ್‌ವಾಸಲಾ ಜಲಾಶಯದ ಕೋಡಿಯ ಮೇಲೆ ಮಳೆಗಾಲದ ನೀರೆಲ್ಲ ಹರಿದು ವ್ಯರ್ಥವಾಗುತ್ತಿತ್ತು. ಬೇಸಗೆ ಬಂದರೆ ನೀರಿಗೆ ಕೊರತೆ. ಹಳೆಯ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸಲು ಅವರು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಏರುವವರೆಗೆ ಅವು ಮುಚ್ಚಿರುತ್ತವೆ; ಮಟ್ಟ ಮೀರಿದೊಡನೆ ತಾವಾಗಿ ತೆರೆದುಕೊಳ್ಳುತ್ತವೆ; ನೆರೆ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತವೆ. ಇದರಿಂದ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು.

ಹೈದರಾಬಾದಿನಲ್ಲಿ ಅವರು ಮಾಡಿದ ಮೊದಲ ಕೆಲಸ ಎಣಿಕೆ. ಮೂಸಿಗೆ ನೀರು ಬರುವ ಪ್ರದೇಶದಲ್ಲಿ 800ರಷ್ಟು ಕೆರೆಗಳಿದ್ದುವು. ಅವುಗಳಲ್ಲಿ 200ಕ್ಕೂ ಹೆಚ್ಚು ಆ ಮಳೆಯಲ್ಲಿ ಒಡೆದಿದ್ದುವು. ಮೇಲಿನ ಕೆರೆಯ ನೀರು ಕೆಳಗಿನದನ್ನು ಒಡೆಯುತ್ತ ಬಂದು ನಗರದ ಮೇಲೆ ಬಿದ್ದಿತ್ತು. ಊರೊಳಗಿನ ದಡಗಳನ್ನು ಎತ್ತರಿಸಬೇಕೆಂದು ಅವರೂ ಹೇಳಿದರು. ಆದರೆ ನೆರೆಯನ್ನು ತಡೆಯಬೇಕಾದದ್ದು ಊರಿನ ಮೇಲ್ಭಾಗದಲ್ಲಿ ಎಂಬುದೇ ಅವರ ವರದಿಯ ತಿರುಳು. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರವು 1920ರಲ್ಲಿಯೂ, ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣಗೊಂಡುವು. ಕೊಲ್ಲಲು ಬಂದ ನೀರೇ ನಗರಕ್ಕೆ ಕುಡಿಯುವ ನೀರಾಯಿತು.

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುವ ವಿದ್ಯುತ್ತೂ ಸೊರಗುತ್ತಿತ್ತು. ಮಂಡ್ಯದ ಸೀಮೆಯಂತೂ ಹತ್ತಿರದಲ್ಲಿ ನದಿ ಹರಿದರೂ ಒಣಗಿದ ಬೆದ್ದಲು ಭೂಮಿ. ಎರಡಕ್ಕೂ ಪರಿಹಾರವಾಗಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಯೋಜನೆ ಸಿದ್ಧವಾಯಿತು. ಇಷ್ಟು ದೊಡ್ಡ ವೆಚ್ಚ ಸಂಸ್ಥಾನಕ್ಕೆ ತಾಳುವುದೇ ಎಂಬ ಶಂಕೆ ಒಳಗೆ, ಮದ್ರಾಸು ಸರಕಾರದ ತಕರಾರು ಹೊರಗೆ. 1911ರಲ್ಲಿ ಕೆಲಸ ಆರಂಭವಾದರೂ ಮದ್ರಾಸಿನವರು ಒಪ್ಪಿದ್ದು ಮೊದಲ ಹಂತದ ತಗ್ಗು ಕಟ್ಟೆಗೆ ಮಾತ್ರ. ಅಸ್ತಿಭಾರವನ್ನು ಮಾತ್ರ ಅವರು ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿ ಹಾಕಿಸಿದರು. ಮುಂದೆ ಅನುಮತಿ ಸಿಗದಿದ್ದರೆ ಆ ಹೆಚ್ಚಿನ ಹಣವೆಲ್ಲ ನೆಲದಡಿಯಲ್ಲಿ ಉಳಿಯುತ್ತಿತ್ತು! ವ್ಯಾಜ್ಯವು 1924ರ ಒಪ್ಪಂದದವರೆಗೆ ಎಳೆಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯಿಂದ ಕಟ್ಟಿದ ಆ ಗೋಡೆ ಪೂರ್ಣವಾಗುವ ಹೊತ್ತಿಗೆ 1930ರ ದಶಕ ಬಂದಿತ್ತು; 1912ರಲ್ಲಿ ದಿವಾನರಾದ ಅವರು 1918ರಲ್ಲಿಯೇ ಅಧಿಕಾರ ಬಿಟ್ಟಿದ್ದರು.

ಹಳೆಯ ಕನ್ನಂಬಾಡಿಯೂ ನೆರೆಯ ಅನೇಕ ಹಳ್ಳಿಗಳೂ ಆ ನೀರಿನಡಿ ಹೋದುವು. ಹೊಲ ಮನೆಗಳನ್ನು ತೊರೆದು ಎದ್ದು ಹೋದವರ ಮಾತು ವಿಶ್ವೇಶ್ವರಯ್ಯನವರ ಜೀವನಚರಿತ್ರೆಗಳಲ್ಲಿ ಬರುವುದು ಅಪರೂಪ. ಮಂಡ್ಯದ ಕಬ್ಬು, ಭತ್ತಗಳಿಗೆ ಅವರೂ ಬೆಲೆ ತೆತ್ತವರೇ. ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಹುಕಾಲದ ನಂತರ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಲಾಯಿತು.

ಮಹಾನದಿಯ ನೆರೆಯಿಂದ ಒರಿಸ್ಸಾ ತತ್ತರಿಸಿದಾಗ, 1937ರಲ್ಲಿ, ಗಾಂಧೀಜಿಯವರ ಕೋರಿಕೆಯಂತೆ ಅವರು ಅಲ್ಲಿಗೆ ಹೋದರು. ವಯಸ್ಸು ಎಪ್ಪತ್ತೈದು ದಾಟಿತ್ತು. ಮಹಾನದಿಯ ಕಣಿವೆಯಲ್ಲಿ ಜಲಾಶಯಗಳು ಬೇಕೆಂದು ಸೂಚಿಸಿದರು. ಹಿರಾಕುಡ್ ಅಣೆಕಟ್ಟೆ ಉದ್ಘಾಟನೆಗೊಂಡದ್ದು 1957ರಲ್ಲಿ. 1955ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ವಿಶ್ವೇಶ್ವರಯ್ಯನವರು ನೂರು ತುಂಬಿದ ಮೇಲೆ, 1962ರ ಏಪ್ರಿಲಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.

2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಮೇಲೆ ಮತ್ತೆ ಭಾರೀ ಮಳೆ ಸುರಿಯಿತು. ಅವರ ಸಲಹೆಯಂತೆ ಕಟ್ಟಿದ ಎರಡೂ ಸಾಗರಗಳು ಗಟ್ಟಿಯಾಗಿ ನಿಂತುವು. ಒಡೆದದ್ದು ನಗರದೊಳಗಿನ ಕೆರೆಗಳು. ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ಕಾಲುವೆಗಳ ಮೇಲೆ ಅಷ್ಟರಲ್ಲಿ ಮನೆಗಳೆದ್ದಿದ್ದುವು.