ಹಕ್ಕಿಯ ಹೆಸರು ಕೇಳಿದ ಹುಡುಗ: ಡಾ. ಸಲೀಂ ಅಲಿ

ರಾಮನಗರದ ರಾಮದೇವರ ಬೆಟ್ಟವನ್ನು ನೋಡದ ವಿದ್ಯಾರ್ಥಿ ನಮ್ಮ ತಾಲ್ಲೂಕುಗಳಲ್ಲಿ ವಿರಳ. ಬೆಟ್ಟ ಎಂದೊಡನೆ ಹೆಚ್ಚಿನವರಿಗೆ ‘ಶೋಲೆ’ ಚಿತ್ರ ನೆನಪಾಗುತ್ತದೆ. ಆದರೆ ಅದೇ ಬಂಡೆಗಳ ಕಡಿದಾದ ಮಗ್ಗುಲಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಾ ಬಂದಿವೆ ಎಂಬುದು ಎಷ್ಟು ಮಂದಿಗೆ ಗೊತ್ತು? 2012ರಲ್ಲಿ ಸರ್ಕಾರ ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ಅಷ್ಟು ಹೊತ್ತಿಗೆ ಅವು ಬೆರಳೆಣಿಕೆಗೆ ಇಳಿದಿದ್ದವು. ಒಂದು ಜೀವಿಯನ್ನು ಕಾಪಾಡಬೇಕಾದರೆ ಮೊದಲು ಅದರ ಹೆಸರು ತಿಳಿಯಬೇಕು, ಅದನ್ನು ಗಮನಿಸಬೇಕು, ಎಣಿಸಬೇಕು. ಈ ಪಾಠವನ್ನು ತಮ್ಮ ಬದುಕಿನಿಂದಲೇ ದೇಶಕ್ಕೆ ಕಲಿಸಿದವರು ಡಾ. ಸಲೀಂ ಅಲಿ.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯ ಸುಲೇಮಾನಿ ಬೋಹ್ರಾ ಕುಟುಂಬದಲ್ಲಿ ಒಂಬತ್ತನೆಯ ಹಾಗೂ ಕೊನೆಯ ಮಗುವಾಗಿ ಹುಟ್ಟಿದರು. ಒಂದು ವರ್ಷ ತುಂಬುವಾಗ ತಂದೆ ಮೊಯಿಜುದ್ದೀನ್ ತೀರಿಕೊಂಡರು, ಮೂರನೆಯ ವರ್ಷದಲ್ಲಿ ತಾಯಿ ಜೀನತುನ್ನಿಸಾ ಕೂಡ ಇಲ್ಲವಾದರು. ಯತೀಮ್ ಮಗುವನ್ನು ಸಾಕಿದವರು ಮಾಮೂ ಅಮೀರುದ್ದೀನ್ ತ್ಯಾಬ್ಜಿ ಮತ್ತು ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ. ಖೇತವಾಡಿಯ ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಮಾಮೂ ಬೇಟೆಗಾರರು. ಹುಡುಗನ ಕೈಗೂ ಒಂದು ಆಟದ ಏರ್‌ಗನ್ ಬಂತು.

ಹತ್ತು ಹನ್ನೆರಡರ ವಯಸ್ಸಿನಲ್ಲಿ ಒಂದು ದಿನ ಸಲೀಂ ಗುಬ್ಬಚ್ಚಿಯೊಂದನ್ನು ಹೊಡೆದರು. ಕೈಗೆತ್ತಿಕೊಂಡು ನೋಡಿದರೆ ಅದರ ಗಂಟಲಲ್ಲಿ ಹಳದಿ ಮಚ್ಚೆ. ಇದು ಮಾಮೂಲಿ ಗುಬ್ಬಚ್ಚಿಯಲ್ಲ, ಇದನ್ನು ತಿನ್ನುವುದು ಹಲಾಲೋ ಅಲ್ಲವೋ ಎಂಬ ಅನುಮಾನ ಹುಟ್ಟಿತು. ಮಾಮೂ ಅವರನ್ನು ಕೇಳಿದರು. ಅವರಿಗೂ ಹಕ್ಕಿಯ ಗುರುತು ಹತ್ತಲಿಲ್ಲ. ಗೊತ್ತಿಲ್ಲವೆಂದು ಅವರು ಹುಡುಗನನ್ನು ಗದರಿಸಿ ಕಳುಹಿಸಲಿಲ್ಲ. ತಾವು ಸದಸ್ಯರಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಅವರಿಗೆ ಒಂದು ಪರಿಚಯ ಪತ್ರ ಬರೆದುಕೊಟ್ಟರು. ಮಿಲ್ಲರ್ಡ್ ಅದು ಹಳದಿ ಗಂಟಲಿನ ಗುಬ್ಬಚ್ಚಿ ಎಂದು ತಿಳಿಸಿ, ಪೆಟ್ಟಿಗೆಗಳನ್ನು ತೆರೆದು ಸೊಸೈಟಿಯ ಹಕ್ಕಿಗಳ ಸಂಗ್ರಹವನ್ನೆಲ್ಲ ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಮುಂದೆ ಸಲೀಂ ಅಲಿ ತಮ್ಮ ಆತ್ಮಕಥೆಗೆ ಗುಬ್ಬಚ್ಚಿಯ ಪತನ ಎಂಬ ಅರ್ಥದ ಹೆಸರನ್ನೇ ಇಟ್ಟರು. ಒಂದು ಮಗುವಿನ ಪ್ರಶ್ನೆಗೆ ಇಬ್ಬರು ದೊಡ್ಡವರು ಬೆಲೆ ಕೊಟ್ಟದ್ದರ ಫಲ ಇದು.

ಶಾಲೆಯ ಓದಿನಲ್ಲಿ ಅವರು ಮುಂದಿರಲಿಲ್ಲ. ತಲೆನೋವಿನಿಂದ ಶಾಲೆ ಬಿಡಬೇಕಾಯಿತು. 1913ರಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಹೇಗೋ ಪಾಸು ಮಾಡಿದರು. ಅನಂತರ ಬರ್ಮಾಕ್ಕೆ ಹೋಗಿ ಮನೆತನದ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಂಡರು. ಅಲ್ಲಿನ ಕಾಡು ಅವರ ಹಕ್ಕಿಯ ಹುಚ್ಚನ್ನು ಬೆಳೆಸಿತು, ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ನಡುವೆ ಮುಂಬಯಿಗೆ ಬಂದು ಪ್ರಾಣಿಶಾಸ್ತ್ರ ಕಲಿತರೂ ಪದವಿ ಪಡೆಯಲಾಗಲಿಲ್ಲ. 1918ರಲ್ಲಿ ತೆಹಮೀನಾ ಅವರೊಂದಿಗೆ ವಿವಾಹವಾಯಿತು. ಸರ್ಕಾರದ ಪ್ರಾಣಿಶಾಸ್ತ್ರ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಗೆ ಪ್ರಯತ್ನಿಸಿದಾಗ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಕೈತಪ್ಪಿತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಣೆ ನೀಡುವ ಕೆಲಸ ಸಿಕ್ಕಿತು. ಸರಿಯಾದ ತಾಲೀಮು ಬೇಕೆಂದು ರಜೆ ಪಡೆದು ಬರ್ಲಿನ್‌ಗೆ ಹೋಗಿ, ಪ್ರಸಿದ್ಧ ಪಕ್ಷಿವಿಜ್ಞಾನಿ ಸ್ಟ್ರೆಸೆಮಾನ್ ಅವರ ಬಳಿ ಕಲಿತರು. 1930ರಲ್ಲಿ ಹಿಂತಿರುಗಿದಾಗ ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಲಾಗಿತ್ತು.

ಕೆಲಸವಿಲ್ಲದ ಸಲೀಂ ಅಲಿ ಮುಂಬಯಿ ಬಳಿಯ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ನಮ್ಮ ಉರ್ದು ಪಾಠಗಳಲ್ಲಿ ಬಯಾ ಎಂದು ಬರುವ ಹಕ್ಕಿ ಇದೇ. ಮರೆಯಲ್ಲಿ ಕುಳಿತು ತಿಂಗಳುಗಟ್ಟಲೆ ಅವನ್ನು ನೋಡಿದರು. ಗಂಡು ಹಕ್ಕಿ ಅರ್ಧ ಗೂಡು ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಆ ಹೆಣ್ಣು ಮೊಟ್ಟೆಯಿಟ್ಟು ಕುಳಿತ ಮೇಲೆ ಗಂಡು ಇನ್ನೊಂದು ಗೂಡು ಕಟ್ಟಲು ತೊಡಗಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ನಮ್ಮ ಹಳ್ಳಿಯ ಬಾವಿಯ ಮೇಲೆ ಬಾಗಿದ ಮರಗಳಲ್ಲಿ ಯುಗಯುಗಗಳಿಂದ ನಡೆದಿರುವ ಈ ಸಂಸಾರವನ್ನು ಮೊದಲ ಬಾರಿಗೆ ಕ್ರಮವಾಗಿ ಗಮನಿಸಿ ಬರೆದವರು ಒಬ್ಬ ನಿರುದ್ಯೋಗಿ. ಆ ಲೇಖನ ಅವರಿಗೆ ವಿಜ್ಞಾನಿಗಳ ನಡುವೆ ಹೆಸರು ತಂದಿತು.

ಬಳಿಕ ಅವರು ದೇಶೀಯ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆಗೆ ಮುಂದಾದರು. ಶಿಬಿರದ ಖರ್ಚು ಕೊಟ್ಟರೆ ಸಾಕು, ತಮಗೆ ಸಂಬಳ ಬೇಡವೆಂಬುದು ಅವರ ಷರತ್ತು. ಹೈದರಾಬಾದ್, ಕೊಚ್ಚಿ, ತಿರುವಾಂಕೂರು ಮುಂತಾದ ಕಡೆ ಡೇರೆ ಹಾಕಿ ಕೆಲಸ ಮಾಡಿದರು. ಹಕ್ಕಿಯನ್ನು ಹೊಡೆದು ಚರ್ಮವನ್ನು ಸಂಗ್ರಹಿಸುವುದು ಆ ಕಾಲದ ಪದ್ಧತಿ. ಅವರೂ ಹಾಗೆ ಸಂಗ್ರಹಿಸಿದರು. ಆದರೆ ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಯಾವಾಗ ವಲಸೆ ಹೋಗುತ್ತದೆ ಎಂದು ಬದುಕಿರುವ ಹಕ್ಕಿಯನ್ನು ನೋಡಿ ಬರೆದಿಡುವುದರಲ್ಲೇ ಅವರಿಗೆ ಹೆಚ್ಚಿನ ಒಲವು. ಶಿಬಿರಗಳಲ್ಲಿ ತೆಹಮೀನಾ ಜೊತೆಗಿರುತ್ತಿದ್ದರು. ಅವರ ಬರವಣಿಗೆ ತಿಳಿಯಾಗಿದ್ದರೆ ಅದರಲ್ಲಿ ಆಕೆಯ ಪಾಲೂ ಇತ್ತು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಆಕೆ ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ.

ಆ ದುಃಖದ ಬೆನ್ನಲ್ಲೇ, 1939-40ರಲ್ಲಿ, ಅವರು ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿಗಳು ಗುಂಪು ಗುಂಪಾಗಿ ಮರಿ ಮಾಡುವುದನ್ನು ಕಂಡು, ಆ ಜಾಗವನ್ನು ರಕ್ಷಿಸಬೇಕೆಂದು ಮಹಾರಾಜರ ಸರ್ಕಾರವನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಂದು ಚದರ ಕಿಲೋಮೀಟರಿಗಿಂತ ಚಿಕ್ಕದಾದ ಈ ಧಾಮ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ಶಾಲಾ ಪ್ರವಾಸದಲ್ಲಿ ಅಲ್ಲಿ ದೋಣಿ ಹತ್ತುವ ನಮ್ಮ ಮಕ್ಕಳಿಗೆ ಈ ಸಂಗತಿ ತಿಳಿದಿರಬೇಕು.

1941ರಲ್ಲಿ ಭಾರತೀಯ ಹಕ್ಕಿಗಳ ಕುರಿತ ಅವರ ಸಚಿತ್ರ ಪುಸ್ತಕ ಬಂತು. ಸಾಮಾನ್ಯ ಓದುಗನೂ ಹಕ್ಕಿಯನ್ನು ಗುರುತಿಸುವಂತಾದದ್ದು ಅದರಿಂದ. ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಡನೆ ಬರೆದ ಹತ್ತು ಸಂಪುಟಗಳ ಮಹಾಗ್ರಂಥ 1974ರಲ್ಲಿ ಪೂರ್ಣಗೊಂಡಾಗ ಅವರಿಗೆ ಎಪ್ಪತ್ತೇಳು ವರ್ಷ. ಪದವಿ ಇಲ್ಲವೆಂದು ಕೆಲಸ ಸಿಗದವರಿಗೆ 1958ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ನಾಮಕರಣ ಬಂದವು. ಗೆಟ್ಟಿ ಪ್ರಶಸ್ತಿಯ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಕೊಟ್ಟರು.

ದೊಡ್ಡವರ ಬದುಕಿನಲ್ಲಿ ತಪ್ಪಿದ ಹೆಜ್ಜೆಯೂ ಪಾಠವೇ. ರಾಜಸ್ಥಾನದ ಭರತ್‌ಪುರದ ಜೌಗು ಪ್ರದೇಶವನ್ನು ಹೊಲಗಳಾಗದಂತೆ ಉಳಿಸಲು ಅವರು ಬಹಳ ಶ್ರಮಿಸಿದರು. ಅಲ್ಲಿ ದನ ಎಮ್ಮೆ ಮೇಯಿಸುವುದು ನಿಲ್ಲಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. 1982ರಲ್ಲಿ ಮೇವು ನಿಷೇಧವಾದಾಗ ಹಳ್ಳಿಗರಿಗೂ ಪೊಲೀಸರಿಗೂ ಘರ್ಷಣೆ ನಡೆದು ಕೆಲವರು ಪ್ರಾಣ ಕಳೆದುಕೊಂಡರು. ಆಮೇಲೆ ಅವರದೇ ಸೊಸೈಟಿಯ ವಿಜ್ಞಾನಿಗಳು ಅಧ್ಯಯನ ಮಾಡಿದಾಗ, ಎಮ್ಮೆಗಳಿಲ್ಲದೆ ಹುಲ್ಲು ಬೆಳೆದು ನೀರು ಮುಚ್ಚಿಹೋಗಿ ಹಕ್ಕಿಗಳಿಗೇ ತೊಂದರೆಯಾದದ್ದು ಕಂಡುಬಂತು. ಸೊಸೈಟಿ ಆ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿತು. ಕನಕಪುರ, ಚನ್ನಪಟ್ಟಣದ ಕಡೆ ಆನೆಗಳು ಬೆಳೆ ತುಳಿದಾಗ ನಷ್ಟ ಅನುಭವಿಸುವವನು ಬಡ ರೈತ. ಅವನನ್ನು ಬಿಟ್ಟು ಕಾಡನ್ನು ಕಾಯಲಾಗದು ಎಂಬುದನ್ನು ನಾವು ಭರತ್‌ಪುರದಿಂದ ಕಲಿಯಬೇಕು.

1987ರ ಜೂನ್ 20ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಸಲೀಂ ಅಲಿ ನಿಧನರಾದರು. ಆಗ ರಣಹದ್ದು ದೇಶದೆಲ್ಲೆಡೆ ಕಾಣುವ ಹಕ್ಕಿ. 1990ರ ದಶಕದಲ್ಲಿ ಅವು ಸದ್ದಿಲ್ಲದೆ ಮಾಯವಾಗತೊಡಗಿದವು. ಸೊಸೈಟಿಯವರು ಭರತ್‌ಪುರದಲ್ಲಿ 1980ರ ದಶಕದಲ್ಲೇ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರಿಂದ, ಎಷ್ಟು ಕಳೆದುಹೋಗಿದೆ ಎಂಬುದು ತಿಳಿಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನವನ್ನು ತಿಂದ ಹದ್ದುಗಳನ್ನು ಕೊಲ್ಲುತ್ತಿದೆ ಎಂಬುದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ಅಂದು ಎಣಿಸಿದವರು ಇರದಿದ್ದರೆ ಈ ಎಚ್ಚರಿಕೆ ಇನ್ನೆಷ್ಟು ತಡವಾಗುತ್ತಿತ್ತೋ.

ಪ್ರಿಯ ವಿದ್ಯಾರ್ಥಿಗಳೇ, ನಾನು ತರಗತಿಯಲ್ಲಿ ಹತ್ತು ಹಕ್ಕಿಗಳ ಹೆಸರು ಬರೆಯಿರಿ ಎಂದರೆ ಕಾಗೆ, ಗುಬ್ಬಿ, ಗಿಳಿ, ಪಾರಿವಾಳ, ಕೋಳಿಯಾದ ಮೇಲೆ ಪೆನ್ನುಗಳು ನಿಂತುಬಿಡುತ್ತವೆ. ಒಂದು ಹಳೆಯ ನೋಟ್‌ಬುಕ್ ಸಾಕು. ಮನೆಯ ಬಳಿ, ಕೆರೆಯ ಏರಿಯಲ್ಲಿ, ಮಾಗಡಿಯ ಸಾವನದುರ್ಗದಲ್ಲಿ ಕಂಡ ಹಕ್ಕಿಯನ್ನು ದಿನಾಂಕ ಸಹಿತ ಬರೆದಿಡಿ. ಕನ್ನಡದ ಹೆಸರನ್ನು ಅಜ್ಜಿಯಿಂದ, ಉರ್ದು ಹೆಸರನ್ನು ದಾದಿಯಿಂದ ಕೇಳಿ ತಿಳಿಯಿರಿ. ಪೋಷಕರಲ್ಲಿ ಮತ್ತು ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ: ಮಗು ತಂದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಅಮೀರುದ್ದೀನ್ ಮಾಮೂ ಮಾಡಿದಂತೆ ಗೊತ್ತಿರುವವರ ಬಳಿಗೆ ಅದನ್ನು ಕಳುಹಿಸಿಕೊಡೋಣ.