ಚರ್ಮದ ಕಾವಲುಗಾರರನ್ನು ಕಂಡ ವಿದ್ಯಾರ್ಥಿ

ವೈದ್ಯಕೀಯ ಓದುವವರು ಪೌಲ್ ಲ್ಯಾಂಗರ್‌ಹ್ಯಾನ್ಸ್ ಹೆಸರನ್ನು ಮೇದೋಜೀರಕ ಗ್ರಂಥಿಯ ಪಾಠದಲ್ಲೂ ಚರ್ಮದ ಪಾಠದಲ್ಲೂ ಕೇಳಿರುತ್ತಾರೆ. 1847ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಇವರು ಚರ್ಮದ ತುಣುಕಿಗೆ ಗೋಲ್ಡ್ ಕ್ಲೋರೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕವಲೊಡೆದ ಜೀವಕೋಶಗಳು ಕಂಡವು. 1868ರಲ್ಲಿ ಅದನ್ನು ಪ್ರಕಟಿಸಿದಾಗ ಅವರಿನ್ನೂ ವಿದ್ಯಾರ್ಥಿ. ಅವು ನರಕೋಶಗಳೆಂದೇ ಅವರು ಭಾವಿಸಿದ್ದರು.

ಮುಂದೆ ಕ್ಷಯರೋಗ ತಗುಲಿ ಪ್ರಾಧ್ಯಾಪಕ ಹುದ್ದೆ ಬಿಡಬೇಕಾಯಿತು. ಮಡೈರಾ ದ್ವೀಪದಲ್ಲಿ ನೆಲೆಸಿ ರೋಗಿಗಳನ್ನು ನೋಡುತ್ತಲೇ ಕಡಲಿನ ಹುಳುಗಳ ಅಧ್ಯಯನ ನಡೆಸಿದರು. 1888ರಲ್ಲಿ, 40ರ ಹರೆಯದಲ್ಲೇ ತೀರಿಕೊಂಡರು.

ಆ ಕೋಶಗಳು ರೋಗಾಣುಗಳನ್ನು ಹಿಡಿದು ದೇಹದ ರಕ್ಷಣಾ ವ್ಯವಸ್ಥೆಗೆ ತೋರಿಸಿಕೊಡುವ ಕಾವಲುಗಾರರೆಂದು ತಿಳಿದದ್ದು ಸುಮಾರು ನೂರು ವರ್ಷಗಳ ನಂತರ. ಊಹೆ ತಪ್ಪಿದ್ದರೂ ಕಂಡದ್ದನ್ನು ಕಂಡಂತೆ ದಾಖಲಿಸಿದ್ದರಿಂದಲೇ ಅವರ ಹೆಸರು ಉಳಿಯಿತು. ನಿಟ್ಟೆ, ಮಣಿಪಾಲದ ಪ್ರಯೋಗಾಲಯಗಳಲ್ಲಿ ಕಲಿಯುವ ನಮಗೂ ಈ ಮಾತು ನೆನಪಿರಲಿ.